ದಿಂಬಿನ ಕಾರ್ಖಾನೆಯಲ್ಲಿ ಸರ್ಟಿ

ಅಮ್ಮ ಆ ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸದೇ ಇದ್ದಿದ್ದರೆ ಅವತ್ತಿನ ಅವಾಂತರದಲ್ಲಿ ಅರ್ಧವಾದರೂ ತಪ್ಪುತ್ತಿತ್ತು.

ಸರ್ಟಿಫಿಕೇಟೇನೋ ಸಾಚಾ. ಮಾನವ ಸಂಪನ್ಮೂಲ ಎಂಬ ವಿಷಯದಲ್ಲಿ ಪ್ರಾಥಮಿಕ ಹಂತದ ಕೋರ್ಸು. ಪದವಿ ಮುಗಿಸಿ ಮನೆಯಲ್ಲಿ ಕೂತು ಕೂತು ಸೋಫಾಕ್ಕೆ ತನ್ನದೇ ಆಕಾರ ಬರಿಸಿದ್ದ ಹುಡುಗ, ಮೊಬೈಲಿನ ಪುಟ್ಟ ಪರದೆಯಲ್ಲಿ ಪಾಠ ಕೇಳಿ, ಪರೀಕ್ಷೆ ಬರೆದು ಗಿಟ್ಟಿಸಿಕೊಂಡದ್ದು. ಅದು ಬಂದ ದಿನದಿಂದ ಅವನ ಭಾವ ಅವನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ‘ಸರ್ಟಿ’ ಎನ್ನತೊಡಗಿದ. ನೋಡಿ ನೋಡಿ ಅಕ್ಕನೂ ಹಾಗೇ ಕರೆದಳು. ಕೆಳಮನೆಯ ನಿವೃತ್ತ ಮೇಷ್ಟರೂ ಕರೆದರು. ಕಡೆಗೊಂದು ದಿನ ಅಮ್ಮನೇ “ಸರ್ಟೀ, ಊಟಕ್ಕೆ ಬಾರೋ” ಎಂದಾಗ ಅವನು ಕೈಚೆಲ್ಲಿ ಕೂತ.

ಭಾವನದು ಸೈಕಲ್ ರಿಪೇರಿ ಅಂಗಡಿ. “ಅಲ್ವೋ, ಮನುಷ್ಯರನ್ನ ಸಂಭಾಳಿಸೋದನ್ನ ಮೊಬೈಲ್ ನೋಡ್ಕೊಂಡು ಕಲಿಯೋಕಾಗುತ್ತಾ? ನಾನು ಚಿತ್ರ ನೋಡಿ ಪಂಕ್ಚರ್ ಹಾಕಿದ್ರೆ ಗಾಳಿ ನಿಲ್ಲುತ್ತಾ?” ಎಂಬುದು ಅವನ ವಾದ.

“ಹಾಗಲ್ಲಪ್ಪ, ಸರ್ಟಿಫಿಕೇಟು ಬಾಗಿಲು ತಟ್ಟುತ್ತೆ. ಒಳಗೆ ಹೋದ ಮೇಲೆ ಅವನ ಹಣೆಬರಹ” ಎಂಬುದು ಮೇಷ್ಟರ ವಾದ.

ಇಬ್ಬರೂ ಮೆಟ್ಟಿಲ ಮೇಲೆ ನಿಂತು ಇದನ್ನೇ ವಾದಿಸುತ್ತಿದ್ದಾಗ ದಿಂಬಿನ ಕಾರ್ಖಾನೆಯಿಂದ ಸಂದರ್ಶನಕ್ಕೆ ಕರೆ ಬಂತು. ಅಲ್ಲಿಯ ಮ್ಯಾನೇಜರಿಗೆ ಒಂದು ಭುಜ ಸದಾ ಮೇಲಕ್ಕೇ ಇರುತ್ತಿತ್ತು; ಆ ಭುಜಕ್ಕೂ ಕಿವಿಗೂ ನಡುವೆ ಫೋನು. ಸಂದರ್ಶನವಿಡೀ ಅವರು ಸರ್ಟಿಯ ಜೊತೆ ಮಾತಾಡಿದರೋ ಫೋನಿನ ಜೊತೆಯೋ ಎಂಬುದು ಅವನಿಗೆ ಕೊನೆಗೂ ಪೂರ್ತಿ ತಿಳಿಯಲಿಲ್ಲ. “ಓ, ಮಾನವ ಸಂಪನ್ಮೂಲ! ನಮ್ಮ ಹೆಡ್ಡಾಫೀಸಿನವರೂ ಅದೇ ಅದೇ ಅಂತ ಜೀವ ತಿಂತಿದಾರೆ. ಇಲ್ಲೊಂದು ಜಾಗ ಖಾಲಿ ಆಗ್ತಿದೆ. ಹಲೋ? ನಿಮಗಲ್ಲ ಹೇಳಿದ್ದು. ಸೋಮವಾರ ಬಾರಯ್ಯ. ಒಂದು ದಿನ ಕೆಲಸ ನೋಡ್ತೀನಿ, ಸರಿಹೋದ್ರೆ ಸಂಜೆನೇ ಆರ್ಡರ್ ಕೈಗೆ.”

ಮನೆಗೆ ಬಂದು ಹೇಳಿದ್ದೇ ತಡ, ಅಮ್ಮ ಸರ್ಟಿಫಿಕೇಟನ್ನು ಕಟ್ಟು ಹಾಕಿಸಲು ಕೊಟ್ಟಳು. “ಡಾಕ್ಟರು, ವಕೀಲರು ಎಲ್ಲ ಗೋಡೆಗೆ ತೂಗುಹಾಕ್ಕೊಂಡಿರ್ತಾರೆ. ನೀನೇನು ಕಮ್ಮಿ?” ಎಂದು ಸೋಮವಾರ ಬೆಳಿಗ್ಗೆ ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಅವನ ತೋಳಿಗೆ ಕೊಟ್ಟಳು. ಬೇಡವೆಂದರೆ ಅವಳ ಮುಖ ಇಳಿಯುತ್ತಿತ್ತು. ಸರ್ಟಿ ಅದನ್ನು ಎದೆಗವಚಿಕೊಂಡು ಬಸ್ಸು ಹತ್ತಿದ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಕಿಟಕಿಯ ಪಕ್ಕದಲ್ಲಿದ್ದ ಮುದುಕರೊಬ್ಬರು ಅವನನ್ನೂ, ಬೆಡ್‌ಶೀಟಿನಿಂದ ಇಣುಕುತ್ತಿದ್ದ ಕಟ್ಟಿನ ಮೂಲೆಯನ್ನೂ ನೋಡಿ ತಟ್ಟನೆ ಎದ್ದು ನಿಂತರು.

“ಕೂತ್ಕೊಳಪ್ಪಾ, ಕೂತ್ಕೋ. ಯಾವಾಗ ಆಯ್ತು?”

“ಹೋದ ತಿಂಗಳು” ಎಂದ ಸರ್ಟಿ, ಪರೀಕ್ಷೆಯ ಬಗ್ಗೆ ಕೇಳುತ್ತಿದ್ದಾರೆಂದುಕೊಂಡು.

“ತುಂಬಾ ಒದ್ದಾಡಿದ್ರಾ?”

“ಕೊನೇಲಿ ಸ್ವಲ್ಪ ಕಷ್ಟ ಆಯ್ತು. ಆದ್ರೆ ಒಂದೇ ಸಲಕ್ಕೆ ಮುಗೀತು.”

ಮುದುಕರು ಕಣ್ಣೊರೆಸಿಕೊಂಡರು. ಪಕ್ಕದ ಹೆಂಗಸು ಅವನ ಭುಜ ಸವರಿದಳು. ಇಡೀ ಬಸ್ಸು ತಗ್ಗಿದ ದನಿಯಲ್ಲಿ ಮಾತಾಡತೊಡಗಿತು. ಇವರು ಇದನ್ನು ತೀರಿಕೊಂಡವರ ಫೋಟೋ ಎಂದುಕೊಂಡಿದ್ದಾರೆಂದು ಸರ್ಟಿಗೆ ಅರ್ಥವಾಗುವ ಹೊತ್ತಿಗೆ ಎಲ್ಲರೂ ಎಷ್ಟು ಮರುಗಿದ್ದರೆಂದರೆ, ಇದು ಬರೀ ಸರ್ಟಿಫಿಕೇಟು ಎಂದು ಬಾಯಿಬಿಡುವ ಧೈರ್ಯ ಅವನಿಗಾಗಲಿಲ್ಲ. ಇಳಿಯಬೇಕಾದ ಕಡೆ ಎದ್ದರೆ “ಅವಸರ ಮಾಡ್ಬೇಡಪ್ಪ, ಸಮಾಧಾನ ಮಾಡ್ಕೋ” ಎಂದು ಹಿಡಿದು ಕೂರಿಸಿದರು. ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ಓಡಿದ.

ಕಾರ್ಖಾನೆಯ ಗೇಟಿನ ಪಕ್ಕದಲ್ಲೊಂದು ಗಾಜಿನ ಕೋಣೆ. ಅದರೊಳಗೆ ಹಾಜರಿ ಮೇಡಂ. ಯಾರು ಬಂದರು, ಯಾರು ಬರಲಿಲ್ಲ, ಯಾರಿಗೆ ನಿಜವಾಗಿ ಜ್ವರ, ಯಾರಿಗೆ ಸುಳ್ಳು ಜ್ವರ, ಎಲ್ಲ ಆಕೆಯದೇ ತೀರ್ಮಾನ. ಆಕೆಯ ಕನ್ನಡಕ ಮೂಗಿನ ತುದಿಯಲ್ಲಿ, ಬೆಟ್ಟದ ತುದಿಯಲ್ಲಿ ಬಸ್ಸು ನಿಂತಂತೆ ನಿಂತಿತ್ತು.

“ಲೇಟು” ಎಂದರು ಮೇಡಂ.

“ಬಸ್ಸಲ್ಲಿ ಎಲ್ಲರೂ ಅಳ್ತಾ ಇದ್ರು ಮೇಡಂ.”

“ಇದನ್ನ ಇದುವರೆಗೂ ಯಾರೂ ಹೇಳಿರ್ಲಿಲ್ಲ. ಆದರೂ ಲೇಟೇ. ಯಾವ ವಿಭಾಗ?”

“ಮಾನವ ಸಂಪನ್ಮೂಲ.”

“ಹಾಗಂದ್ರೇನು? ಇಲ್ಲಿ ಹೊಲಿಗೆ ಇದೆ, ತುಂಬೋದಿದೆ, ಉಗ್ರಾಣ ಇದೆ. ಅಂಥದ್ದೆಲ್ಲ ಇಲ್ಲ. ಹೆಡ್ಡಾಫೀಸಿನವನಾ? ಹೋಗು ಒಳಗೆ.”

ಒಳಗೆ ಮ್ಯಾನೇಜರು ಫೋನಿನ ಸಂದಿಯಲ್ಲಿ ಕೆಲಸ ಹೇಳಿದರು. “ಒಂದು, ಹೊಲಿಗೆಯವರಿಗೂ ತುಂಬೋರಿಗೂ ಫ್ಯಾನಿನ ಜಗಳ. ಬಗೆಹರಿಸು. ಎರಡು, ಜನಕ್ಕೆ ಹುಮ್ಮಸ್ಸಿಲ್ಲ ಅಂತ ಹೆಡ್ಡಾಫೀಸಿನ ದೂರು. ಹುಮ್ಮಸ್ಸು ತರಿಸು. ಮೂರು, ಹಾಜರಿ ಮೇಡಂ ರಾಜೀನಾಮೆ ಕೊಟ್ಟಿದಾರೆ, ಇವತ್ತೇ ಕೊನೆ ದಿನ. ಬಿಟ್ಟು ಹೋಗೋರನ್ನ ಯಾಕೆ ಹೋಗ್ತೀರಿ ಅಂತ ವಿಚಾರಿಸ್ಬೇಕಂತೆ, ಹೊಸ ನಿಯಮ. ಇದ್ದಷ್ಟು ವರ್ಷ ಯಾಕಿದ್ದೀರಿ ಅಂತ ಯಾರೂ ವಿಚಾರಿಸಿಲ್ಲ, ಅದಿರ್ಲಿ. ಸಂಜೆ ಬೀಳ್ಕೊಡುಗೆಗೆ ಮುಂಚೆ ಮಾತಾಡಿ ಮುಗಿಸ್ಬಿಡು.”

ಕೋರ್ಸಿನಲ್ಲಿ ಈ ಮೂರಕ್ಕೂ ಒಂದೊಂದು ಪಾಠವಿತ್ತು! ಸರ್ಟಿಯ ಎದೆ ಆಗತಾನೇ ತುಂಬಿದ ದಿಂಬಿನಂತೆ ಉಬ್ಬಿತು.

ಫ್ಯಾನಿನ ಜಗಳ ಬಲು ಹಳೆಯದು. ಹೊಲಿಗೆಯವರೂ ಹತ್ತಿ ತುಂಬುವವರೂ ಕೂರುವುದು ಒಂದೇ ದೊಡ್ಡ ಹಜಾರದಲ್ಲಿ. ಫ್ಯಾನು ಹಾಕಿದರೆ ಹತ್ತಿಯೆಲ್ಲ ಹಾರಿ ತುಂಬುವವರ ಕೆಲಸ ಕೆಡುತ್ತಿತ್ತು. ಆರಿಸಿದರೆ ಹೊಲಿಗೆಯವರು ಬೆವರಿನಲ್ಲಿ ಮೀಯುತ್ತಿದ್ದರು. ಸ್ವಿಚ್ಚು ದಿನವಿಡೀ ಮೇಲೆ ಕೆಳಗೆ ಆಗಿ ಆಗಿ ಸಡಿಲಗೊಂಡಿತ್ತು. ಹೊಲಿಗೆಯ ಮುಖ್ಯಸ್ಥೆಯನ್ನು ಎಲ್ಲರೂ ‘ಸೂಜಿಯಕ್ಕ’ ಎನ್ನುತ್ತಿದ್ದರು. ತುಂಬುವವರ ಕಡೆಗೆ ಒಬ್ಬ ಮೇಸ್ತ್ರಿ. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲಕ್ಕೂ ಹತ್ತಿ ಅಂಟಿ, ಮೋಡಕ್ಕೆ ಅಂಗಿ ತೊಡಿಸಿದ ಹಾಗಿದ್ದ.

ಸರ್ಟಿ ಇಬ್ಬರನ್ನೂ ಎದುರುಬದುರು ಕೂರಿಸಿದ. ಕೋರ್ಸು ಹೇಳಿಕೊಟ್ಟಿತ್ತು: ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಮತ್ತೆ ಹೇಳಿ, ಕೇಳಿಸಿಕೊಂಡಿದ್ದೀರೆಂದು ಅವರಿಗೆ ತಿಳಿಯಲಿ.

“ಸೆಕೇಲಿ ಬೇಯ್ತಾ ಇದೀವಿ” ಎಂದಳು ಸೂಜಿಯಕ್ಕ.

“ಅಂದ್ರೆ ನಿಮಗೆ ಸೆಕೆ ಆಗ್ತಿದೆ.”

“ಅದನ್ನೇ ಹೇಳಿದ್ದು.”

“ಅಂದ್ರೆ ಅದನ್ನೇ ನೀವು ಹೇಳಿದ್ದು.”

ಸೂಜಿಯಕ್ಕ ಹುಬ್ಬು ಗಂಟಿಕ್ಕಿದಳು. “ಏನೋ, ಅಣಕಿಸ್ತೀಯಾ?”

“ಅಂದ್ರೆ ನಾನು ಅಣಕಿಸ್ತಿದೀನಿ ಅಂತ ನಿಮಗನ್ನಿಸ್ತಿದೆ.”

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕ ರಭಸಕ್ಕೆ ಮೀಸೆಯಿಂದ ಹತ್ತಿ ಹಾರಿ ಸೂಜಿಯಕ್ಕನ ಮೂಗಿಗೆ ಹೋಯಿತು. ಆಕೆ ಸೀನಿದಳು. ಸೀನಿ, “ಇದಕ್ಕೇ ನಾವು ಫ್ಯಾನ್ ಬೇಕು ಅನ್ನೋದು!” ಎಂದು ಎದ್ದು ಹೋಗಿ ಸ್ವಿಚ್ಚನ್ನು ಕುಟ್ಟಿದಳು. ಫ್ಯಾನು ಪೂರ್ತಿ ವೇಗದಲ್ಲಿ ತಿರುಗಿತು. ಆಗಲೇ ಬಿಚ್ಚಿಟ್ಟಿದ್ದ ಹತ್ತಿಯ ಮೂಟೆಯೊಂದು ಎದ್ದು ಹಜಾರವನ್ನೆಲ್ಲ ತುಂಬಿಕೊಂಡಿತು. ಬಾಯಿ ತೆರೆದು “ದಯವಿಟ್ಟು ಶಾಂತ...” ಎನ್ನುತ್ತಿದ್ದ ಸರ್ಟಿಯ ಗಂಟಲೊಳಕ್ಕೆ ಅರ್ಧ ದಿಂಬಿಗಾಗುವಷ್ಟು ಇಳಿಯಿತು. ಸ್ವಿಚ್ಚು ಸೂಜಿಯಕ್ಕನ ಕೈಯಲ್ಲೇ ಉಳಿದಿತ್ತು. ಇನ್ನು ಫ್ಯಾನು ಆರಿಸುವಂತೆಯೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸರ್ಟಿ ಎರಡನೆಯ ಪಾಠಕ್ಕೆ ಕೈ ಹಾಕಿದ. ಹುಮ್ಮಸ್ಸು, ನಂಬಿಕೆ. ಒಬ್ಬರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಉಳಿದವರು ಹಿಡಿಯಬೇಕು. ಅದಕ್ಕೆ ಯಾರು ಮುಂದೆ ಬರುತ್ತೀರಿ ಎಂದು ಕೇಳಿದರೆ ಎಲ್ಲರೂ ಉಗ್ರಾಣ ನೋಡಿಕೊಳ್ಳುತ್ತಿದ್ದವರೊಬ್ಬರನ್ನು ಮುಂದೆ ನೂಕಿದರು. ಈ ಉಗ್ರಾಣದವರು ಒಂದು ಬಾಗಿಲಿನಲ್ಲಿ ಒಂದೇ ಸಲಕ್ಕೆ ಬರಲಾಗದ ಆಳು. ಮೊದಲು ಹೊಟ್ಟೆ ಬರುತ್ತಿತ್ತು, ಆಮೇಲೆ ಅವರು.

“ಹಿಡೀತಾರಾ?” ಎಂದು ಅವರು ಅನುಮಾನದಿಂದ ಕೇಳಿದರು.

“ನಂಬಿ ಸಾರ್. ಅದೇ ಪಾಠ” ಎಂದ ಸರ್ಟಿ, ಕೆಮ್ಮುತ್ತ.

ಉಗ್ರಾಣದವರು ನಂಬಿದರು. ಕಣ್ಣು ಮುಚ್ಚಿದರು. ಹಿಂದಕ್ಕೆ ವಾಲಿದರು. ಸರಿಯಾಗಿ ಆಗಲೇ ಬಾಗಿಲಲ್ಲಿ ಹಾಜರಿ ಮೇಡಂ ಕಾಣಿಸಿಕೊಂಡು “ಊಟದ ವೇಳೆ ಮುಗೀತು!” ಎಂದರು. ಹಿಡಿಯಲು ನಿಂತಿದ್ದವರೆಲ್ಲ ಬೆಂಕಿ ಬಿದ್ದಂತೆ ಚದುರಿ ತಮ್ಮ ತಮ್ಮ ಜಾಗಕ್ಕೆ ಓಡಿದರು. ಉಗ್ರಾಣದವರ ಬೆನ್ನ ಹಿಂದೆ ಉಳಿದವನು ಸರ್ಟಿ ಒಬ್ಬನೇ. ಅವನ ಹಿಂದೆ, ಗೋಡೆಗೊರಗಿ, ಬೆಡ್‌ಶೀಟಿನಲ್ಲಿ ಸುತ್ತಿದ ಸರ್ಟಿಫಿಕೇಟು.

ದಿಂಬಿನ ಕಾರ್ಖಾನೆಯಲ್ಲಿ ದಿಂಬಿಲ್ಲದ ಜಾಗ ಅದೊಂದೇ ಇತ್ತು. ಅವರು ಬಿದ್ದದ್ದು ಅಲ್ಲೇ.

ಗಾಜು ಪುಡಿಪುಡಿಯಾಯಿತು. ಬೆಡ್‌ಶೀಟು ಇದ್ದದ್ದರಿಂದ ಯಾರಿಗೂ ಗಾಯವಾಗಲಿಲ್ಲ. ಕೆಳಗಿನಿಂದ ಸರ್ಟಿಯನ್ನು ಎಳೆದು ತೆಗೆದಾಗ ಅವನು ಸ್ವಲ್ಪ ಚಪ್ಪಟೆಯಾಗಿದ್ದ, ಅಷ್ಟೇ. “ಇನ್ಮೇಲೆ ನನ್ನ ಹೆಂಡ್ತೀನೂ ನಂಬಲ್ಲ” ಎಂದರು ಉಗ್ರಾಣದವರು ಸೊಂಟ ಹಿಡಿದುಕೊಂಡು.

ಮ್ಯಾನೇಜರ ಕೋಣೆಯ ಕಿಟಕಿಯಿಂದ ಎತ್ತಿದ ಭುಜಕ್ಕೊರಗಿದ ಮುಖವೊಂದು ಇದನ್ನೆಲ್ಲ ನೋಡುತ್ತಿತ್ತು. ಸಂಜೆ ಆರ್ಡರಿಲ್ಲದೆ ಮನೆಗೆ ಹೋದರೆ ಅಮ್ಮ ಏನೂ ಅನ್ನುವವಳಲ್ಲ. ಸುಮ್ಮನೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾಳೆ. ಅದನ್ನು ಅವನು ಈ ವರ್ಷದಲ್ಲಿ ಸಾಕಷ್ಟು ಸಲ ನೋಡಿದ್ದ. ಉಳಿದದ್ದು ಇನ್ನು ಒಂದೇ ಕೆಲಸ. ಅದಾದರೂ ದಡ ಸೇರಬೇಕು.

ಗಾಜಿನ ಕೋಣೆಗೆ ಹೋಗುವ ದಾರಿಯಲ್ಲಿ ಊಟದ ಕೋಣೆ. ಅಲ್ಲಿ ಬೀಳ್ಕೊಡುಗೆಯ ತಯಾರಿ ನಡೆದಿತ್ತು. ಬಣ್ಣದ ಕಾಗದ, ಬಲೂನು, ನಡುವೆ ದೊಡ್ಡ ಕೇಕು. ಮೇಜಿನ ಮೇಲೆ ನಿಂತು ಬಲೂನು ಕಟ್ಟುತ್ತಿದ್ದವರು ಸಿಳ್ಳೆ ಹಾಕುತ್ತಿದ್ದರು. ಪಾಪ, ಮೇಡಂ ಮೇಲೆ ಎಷ್ಟು ಪ್ರೀತಿ ಎಂದುಕೊಂಡ ಸರ್ಟಿ.

ಹಾಜರಿ ಮೇಡಂ ಒಂದು ರಟ್ಟಿನ ಡಬ್ಬಕ್ಕೆ ತಮ್ಮ ಸಾಮಾನು ತುಂಬುತ್ತಿದ್ದರು. ಸರ್ಟಿ ಎದುರಿಗೆ ಕೂತ. ಪಾಠ ಜ್ಞಾಪಿಸಿಕೊಂಡ: ಮೊದಲು ಸ್ನೇಹದಿಂದ ನಾಲ್ಕು ಮಾತು, ಆಮೇಲೆ ಮುಕ್ತವಾದ ಪ್ರಶ್ನೆ. “ಮೇಡಂ, ನೀವು ಯಾಕೆ...” ಎಂದು ಬಾಯಿ ತೆರೆದ. ಅಷ್ಟರಲ್ಲಿ ಬೆಳಿಗ್ಗೆ ಇಳಿದಿದ್ದ ಹತ್ತಿ ಗಂಟಲಲ್ಲಿ ಅಡ್ಡ ತಿರುಗಿತು. ಮುಂದಿನ ಮಾತು ಬರಲಿಲ್ಲ. ಕೆಮ್ಮಲು ನೋಡಿದ, ಕೆಮ್ಮೂ ಬರಲಿಲ್ಲ. ಮುಖ ಕೆಂಪಾಯಿತು, ತುಟಿ ನಡುಗಿತು, ಎರಡೂ ಕಣ್ಣಿನಿಂದ ನೀರು ಧಾರಾಕಾರ ಸುರಿಯತೊಡಗಿತು.

ಮೇಡಂ ಕೈಯಲ್ಲಿದ್ದ ಲೋಟವನ್ನು ಹಾಗೇ ಹಿಡಿದು ಅವನನ್ನೇ ನೋಡಿದರು.

“ಅಳ್ತಾ ಇದೀಯಾ?”

ಇಲ್ಲವೆಂದು ಅವನು ತಲೆಯಾಡಿಸಿದ. ಕಣ್ಣೀರು ಅತ್ತ ಇತ್ತ ಚಿಮ್ಮಿತು.

“ನನಗೋಸ್ಕರಾನಾ?”

ಸರ್ಟಿ ಗಂಟಲು ಹಿಡಿದುಕೊಂಡ. ಮೇಡಂ ಕುಸಿದು ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದರು. ಕನ್ನಡಕವಿಲ್ಲದ ಆ ಮುಖ ಬೇರೆ ಯಾರದೋ, ಸಣ್ಣ ಹುಡುಗಿಯೊಬ್ಬಳ ಮುಖದ ಹಾಗಿತ್ತು.

“ಯಾಕೆ ಹೋಗ್ತೀರಿ ಅಂತ ತಾನೇ ಕೇಳೋಕೆ ಬಂದೆ? ಹೇಳ್ತೀನಿ ಕೇಳು. ತಂಗಿ ಅಂಗಡಿ ನೋಡ್ಕೊಳ್ಳೋಕೆ ಕರೆದಿದಾಳೆ ಅಂತ ಎಲ್ಲರ ಹತ್ರ ಹೇಳಿದೀನಿ. ಅವಳೇನು ಕರೀಲಿಲ್ಲ, ನಾನೇ ಬರ್ತೀನಿ ಅಂದೆ. ನಾನು ಒಂದು ಕೋಣೆಗೆ ಹೋದ್ರೆ ಅಲ್ಲಿ ಮಾತು ನಿಂತುಹೋಗುತ್ತೆ. ಎಷ್ಟೋ ವರ್ಷದಿಂದ. ನಾನು ರಜೆ ಹಾಕಿದ ದಿನ ಇಲ್ಲಿ ಹಾಡು ಕೇಳುತ್ತಂತೆ. ಆ ಹಾಡು ಯಾವುದು ಅಂತ ನನಗೆ ಗೊತ್ತೇ ಇಲ್ಲ ನೋಡು.”

ಸರ್ಟಿ ಸುಮ್ಮನೆ ಕೇಳಿದ. ಬೇರೇನು ಮಾಡಲೂ ಅವನಿಂದ ಆಗುತ್ತಿರಲಿಲ್ಲ. ಆದರೆ ಕೇಳುತ್ತ ಕೇಳುತ್ತ ಅವನಿಗೇ ಗೊತ್ತಿಲ್ಲದೆ ಅವನ ಕಣ್ಣೀರಿನಲ್ಲಿ ನಾಲ್ಕಾರು ಹನಿ ನಿಜವಾದವೂ ಸೇರಿಕೊಂಡವು. ಮೇಡಂ ಹೇಳುತ್ತಲೇ ಹೋದರು. ಯಾರದೋ ಮಗುವಿಗೆ ಹುಷಾರಿಲ್ಲದಾಗ ತಾವು ಕಣ್ಣು ಮುಚ್ಚಿ ರಜೆ ಕೊಟ್ಟದ್ದು, ಅದನ್ನೂ ಬೈದುಕೊಂಡೇ ಕೊಟ್ಟದ್ದು, ಬೈಯದೆ ಕೊಡುವುದು ಹೇಗೆಂದು ತಮಗೆ ಬರದೇ ಹೋದದ್ದು. ಕೊನೆಗೆ ಕನ್ನಡಕ ಒರೆಸಿ ಹಾಕಿಕೊಂಡು ಎದ್ದರು.

“ಇಷ್ಟು ವರ್ಷದಲ್ಲಿ ನನಗೋಸ್ಕರ ಕಣ್ಣೀರು ಹಾಕಿದೋನು ನೀನೊಬ್ಬನೇ. ಇನ್ನು ನಾನ್ಯಾಕೆ ಹೋಗ್ಲಿ? ಹೋಗಲ್ಲ!”

ಎಂದವರೇ ಸರಸರನೆ ನಡೆದು ಮ್ಯಾನೇಜರ ಕೋಣೆಗೆ ಹೋಗಿ, ರಾಜೀನಾಮೆ ವಾಪಸ್ಸು ಪಡೆದು, ಅಲ್ಲಿಂದ ಊಟದ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತು ಸಾರಿದರು: “ಎಲ್ಲರೂ ಕೇಳಿ! ನಾನು ಎಲ್ಲೂ ಹೋಗ್ತಾ ಇಲ್ಲ!”

ಸಿಳ್ಳೆ ನಿಂತಿತು. ಎಲ್ಲೋ ಒಂದು ಬಲೂನು ಒಡೆಯಿತು. ಕೇಕಿನ ಮುಂದೆ ಚಾಕು ಹಿಡಿದು ನಿಂತಿದ್ದ ಸೂಜಿಯಕ್ಕನ ಕೈ ಗಾಳಿಯಲ್ಲೇ ಉಳಿಯಿತು. ಮೇಡಂ ಎಲ್ಲರ ಮುಖವನ್ನೂ ಕಣ್ತುಂಬ ನೋಡಿ, “ಸಂತೋಷಕ್ಕೆ ಮಾತೇ ಬರ್ತಿಲ್ಲ ಪಾಪ” ಎಂದು ಗಾಜಿನ ಕೋಣೆಗೆ ಮರಳಿದರು.

ಸರ್ಟಿ ಅಷ್ಟರಲ್ಲಿ ನೀರು ಕುಡಿದು, ಹತ್ತಿಯನ್ನು ಉಗಿದು, ಜೀವ ಬಂದವನಾಗಿ ಅಲ್ಲಿಗೆ ಬಂದಿದ್ದ. ಎಲ್ಲರ ಕಣ್ಣೂ ಅವನ ಮೇಲೆ ತಿರುಗಿತು.

“ಏನು ಮಾಡಿದೆಯೋ ಪುಣ್ಯಾತ್ಮ?” ಎಂದಳು ಸೂಜಿಯಕ್ಕ. ಅವಳ ದನಿ ಒಡೆದಿತ್ತು. ಮೇಸ್ತ್ರಿ ತನ್ನ ಕರವಸ್ತ್ರವನ್ನು ಕೊಡವಿ ಅವಳಿಗೆ ಕೊಟ್ಟ. “ಅಳಬೇಡಕ್ಕ. ಫ್ಯಾನು ಬೇಕಾದ್ರೆ ದಿನಾ ಹಾಕ್ಕೋ. ಇಂಥಾ ದುಃಖದಲ್ಲಿ ಫ್ಯಾನಿಗೆ ಯಾಕೆ ಜಗಳ?” ಎಂದ. “ಬೇಡಣ್ಣ, ನಿಮಗೆ ತೊಂದ್ರೆ ಆಗುತ್ತೆ” ಎಂದಳು ಸೂಜಿಯಕ್ಕ. ಉಗ್ರಾಣದವರು ಇಬ್ಬರ ಬೆನ್ನನ್ನೂ ಸವರಿದರು. ಹೊಲಿಗೆಯವರೂ ತುಂಬುವವರೂ ಹೆಗಲಿಗೆ ಹೆಗಲು ಕೊಟ್ಟು ನಿಂತು ಸರ್ಟಿಯನ್ನು ದುರುಗುಟ್ಟಿದರು. ಅವರಲ್ಲಿ ಅಂಥ ಒಗ್ಗಟ್ಟನ್ನು ಆ ಕಾರ್ಖಾನೆ ಎಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ಮ್ಯಾನೇಜರು ಕರೆದರು. ಸರ್ಟಿ ಒಳಗೆ ಹೋದ. ಮ್ಯಾನೇಜರ ಎರಡೂ ಭುಜ ಸಮಕ್ಕಿದ್ದವು. ಫೋನು ಮೇಜಿನ ಮೇಲಿತ್ತು. ಅದೇ ಅವನಿಗೊಂದು ಗೌರವದಂತೆ ಕಂಡಿತು.

“ಬಾರಯ್ಯ, ಬಾ! ಸರ್ಟಿಫಿಕೇಟು ಅಂದ್ರೆ ಬರೀ ಕಾಗದ ಅಂದ್ಕೊಂಡಿದ್ದೆ. ತಪ್ಪಾಯ್ತು. ಆ ಹೆಂಗಸು ಒಂದು ಸಲ ಆಗಲ್ಲ ಅಂದ್ರೆ ದೇವರು ಬಂದ್ರೂ ಆಗ್ತಿರ್ಲಿಲ್ಲ. ಮನಸ್ಸು ಬದಲಾಯಿಸ್ಬಿಟ್ಟೆಯಲ್ಲ! ಆ ಕಡೆ ನೋಡಿದ್ರೆ ಫ್ಯಾನಿನ ಜಗಳಾನೂ ಮುಗಿದಿದೆ. ಒಂದೇ ದಿನದಲ್ಲಿ! ಇಷ್ಟು ವರ್ಷದಲ್ಲಿ ನಿನ್ನಷ್ಟು ಲಾಯಕ್ಕಾದ ಹುಡುಗನ್ನ ನಾನು ನೋಡೇ ಇಲ್ಲ.”

“ಥ್ಯಾಂಕ್ಸ್ ಸಾರ್” ಎಂದ ಸರ್ಟಿ. “ಆರ್ಡರ್ ಸಾರ್?”

“ಯಾವ ಆರ್ಡರು?”

“ಕೆಲಸದ ಆರ್ಡರು. ಮಾನವ ಸಂಪನ್ಮೂಲದ ಜಾಗ ಖಾಲಿ ಆಗ್ತಿದೆ ಅಂದಿದ್ರಲ್ಲ.”

ಮ್ಯಾನೇಜರು ಅವನನ್ನು ಕನಿಕರದಿಂದ ನೋಡಿದರು. “ಅಯ್ಯೋ ಹುಡುಗಾ. ಹಾಜರಿ ನೋಡೋದು, ರಜೆ ಕೊಡೋದು, ಜಗಳ ಬಿಡಿಸೋದು, ಇದಕ್ಕೇ ಅಲ್ವೇನೋ ಈಗ ಮಾನವ ಸಂಪನ್ಮೂಲ ಅನ್ನೋದು? ಹೆಸರು ಹೊಸದು, ಕುರ್ಚಿ ಹಳೇದು. ಖಾಲಿ ಆಗ್ತಿದ್ದ ಜಾಗ ಅಂದ್ರೆ ಮೇಡಂ ಜಾಗ. ಈಗ ಅದನ್ನ ನೀನೇ ತುಂಬಿಸ್ಬಿಟ್ಟೆ.”

“ಮೊದಲೇ ಹೇಳ್ಬಾರ್ದಿತ್ತಾ ಸಾರ್?”

“ಹೇಳಿದ್ನಲ್ಲ, ಜಾಗ ಖಾಲಿ ಆಗ್ತಿದೆ ಅಂತ. ಯಾರದು ಅಂತ ನೀನು ಕೇಳಿದ್ಯಾ?” ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಭುಜ ಮೇಲಕ್ಕೆ ಹೋಯಿತು. ಅಲ್ಲಿಗೆ ಆ ವಿಷಯ ಮುಗಿಯಿತು.

ಹೊರಗೆ ಬಂದ ಸರ್ಟಿಯ ತಲೆಗೆ ಒಂದು ಕಿಡಿಗೇಡಿ ಯೋಚನೆ ಹೊಳೆಯಿತು. ಒಂದು ಸಲ ಬದಲಾದ ಮನಸ್ಸು ಇನ್ನೊಂದು ಸಲ ಬದಲಾಗಬಾರದೇ? ಸೀದಾ ಗಾಜಿನ ಕೋಣೆಗೆ ಹೋದ. ಮೇಡಂ ಡಬ್ಬದಿಂದ ಒಂದೊಂದೇ ಸಾಮಾನನ್ನು ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಲೋಟ, ಪುಟ್ಟ ಗಿಡದ ಕುಂಡ, ಸವೆದ ಚಪ್ಪಲಿ.

“ಮೇಡಂ, ನಿಮ್ಮ ತಂಗಿ... ಅವರಿಗೆ ಬೇಜಾರಾಗಲ್ವಾ? ಪಾಪ, ಕಾಯ್ತಿರ್ತಾರೆ.”

“ಫೋನ್ ಮಾಡಿ ಹೇಳ್ದೆ. ‘ಅಬ್ಬಾ’ ಅಂದ್ಲು” ಎಂದು ಮೇಡಂ ನಕ್ಕರು. ನಗುವಾಗ ಆಕೆ ಮಣ್ಣು ಮುಟ್ಟಿ ನೋಡಿ ಗಿಡಕ್ಕೆ ಒಂದಿಷ್ಟು ನೀರು ಹಾಕುತ್ತಿದ್ದರು. “ನಿನಗೇನಾದ್ರೂ ಬೇಕಿದ್ರೆ ಕೇಳಪ್ಪ. ನಾಚ್ಕೋಬೇಡ.”

ನಾಲಿಗೆಯ ತುದಿಯವರೆಗೂ ಬಂದ ಮಾತನ್ನು ಸರ್ಟಿ ನುಂಗಿದ. ಆ ಮುಖ ನೋಡಿಕೊಂಡು ಅದನ್ನು ಕೇಳುವುದು ಯಾವ ಕೋರ್ಸಿನಲ್ಲೂ ಇರಲಿಲ್ಲ. “ಏನಿಲ್ಲ ಮೇಡಂ. ನೀವು ಉಳಿದಿದ್ದು ಒಳ್ಳೇದಾಯ್ತು” ಎಂದ. ಆ ಮಾತು ನಿಜವೇ ಆಗಿತ್ತು ಎಂಬುದು ಅವನಿಗೇ ಆಶ್ಚರ್ಯ. ತಿರುಗಿ ಗೇಟಿನ ಕಡೆ ಹೆಜ್ಜೆ ಹಾಕಿದ.

“ಏಯ್, ಎಲ್ಲಿಗೆ?”

“ಮನೆಗೆ ಮೇಡಂ.”

ಮೇಡಂ ಗಡಿಯಾರ ನೋಡಿದರು. ಕನ್ನಡಕ ಮೂಗಿನ ತುದಿಗೆ ಜಾರಿತು. “ಬೆಲ್ ಹೊಡೆದಿಲ್ಲ ಇನ್ನೂ. ಹೋಗೋಕಾಗಲ್ಲ.”

“ಮೇಡಂ, ನನಗೆ ಕೆಲಸ ಇಲ್ಲ.”

“ಕೆಲಸ ಇಲ್ವಾ?” ಮೇಡಂ ಕಣ್ಣು ಕೆಂಪಗೆ ಮಾಡಿದರು. “ಅಷ್ಟು ಜನ ಒಳಗೆ ದುಡೀತಿರುವಾಗ ಕೆಲಸ ಇಲ್ಲ ಅಂತ ಗೇಟಿನ ಹತ್ರ ಸುಳಿದಾಡ್ತೀಯಾ? ಕಣ್ಣೀರು ಹಾಕಿದೆ ಅಂತ ಸಲಿಗೆ ತಗೋಬೇಡ. ನಡಿ ಒಳಗೆ!”

ಸರ್ಟಿ ತಲೆ ತಗ್ಗಿಸಿ ಒಳಗೆ ಹೋದ. ಯಾರೂ ಮುಟ್ಟದ ಕೇಕಿನ ಎದುರು, ಗಾಳಿ ಇಳಿಯುತ್ತಿದ್ದ ಬಲೂನುಗಳ ಕೆಳಗೆ, ಇಲ್ಲದ ಕೆಲಸದ ವೇಳೆ ಮುಗಿಯುವವರೆಗೂ ಕೂತಿದ್ದ.